ನಮ್ಮೂರ ರಸ್ತೆ, ಮೋರಿ, ಸೇತುವೆ: ಅರ್ಜಿ ಕೊಡೋದ್ರಿಂದ ಹಿಡಿದು ಟೆಂಡರ್, ಬಿಲ್, ರಿಪೇರಿ ತನಕ ಬೆನ್ನು ಹತ್ತೋದು ಹೇಗೆ

ಮಳೆಗಾಲ ಮುಗೀತಿದ್ದ ಹಾಗೇ ನಮ್ಮ ಕಡೆ ಎಲ್ಲ ಊರಲ್ಲೂ ಒಂದೇ ಮಾತು, "ರೋಡ್ ಕಿತ್ತೋಯ್ತು, ಎಮ್ಮೆಲ್ಲೆ ಹತ್ರ ಹೋಗಿ ಹೊಸಾದು ಕೇಳೋಣ ಬನ್ನಿ". ನಾನು ಒಂದು ಅವಧಿ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದವನು, ಆ ಐದು ವರ್ಷದಲ್ಲಿ ನಾನೂ ಹೀಗೇ ಹಾರ ಹಿಡ್ಕೊಂಡು ಹೋಗಿ ಮನವಿ ಪತ್ರ ಕೊಟ್ಟು ಬಂದಿದೀನಿ. ಆಮೇಲೆ ಒಂದು ದಿನ ನಮ್ಮ ಬೀದಿ ರಸ್ತೆ ಫೈಲ್ ತೆಗೆಸಿ ನೋಡಿದ್ರೆ, ಕಿತ್ತೋಗಿದ್ದ ಆ ರಸ್ತೆಯನ್ನ ಕಂಟ್ರಾಕ್ಟರ್ ತನ್ನ ಸ್ವಂತ ಖರ್ಚಲ್ಲಿ ರಿಪೇರಿ ಮಾಡ್ಬೇಕಾದ ಅವಧಿ ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇತ್ತು, ಅವನ ಡೆಪಾಸಿಟ್ ದುಡ್ಡೂ ಆಫೀಸಲ್ಲೇ ಇತ್ತು, ಆದ್ರೆ ಯಾರೂ ಕೇಳಿರ್ಲಿಲ್ಲ. ಆವತ್ತಿಂದ ನಾನು ಎಲ್ರಿಗೂ ಹೇಳೋದು ಒಂದೇ: ಹೊಸ ರೋಡ್ ಕೇಳೋಕೆ ಮುಂಚೆ ಹಳೇ ರೋಡಿನ ಫೈಲ್ ಕೇಳಿ. ಫೈಲ್ ಅರ್ಥ ಆಗ್ಬೇಕು ಅಂದ್ರೆ ಕೆಲಸ ಹೇಗೆ ಹುಟ್ಟತ್ತೆ, ಹೇಗೆ ನಡೆಯತ್ತೆ, ಹೇಗೆ ಬಿಲ್ ಆಗತ್ತೆ ಅಂತ ಗೊತ್ತಿರ್ಬೇಕು, ಅದಕ್ಕೇ ಇಷ್ಟುದ್ದ ಬರೀತಿದೀನಿ. ಇದು ಕರ್ನಾಟಕದ ಹಳ್ಳಿ, ಸಣ್ಣ ಪಟ್ಟಣಗಳ ಲೆಕ್ಕದಲ್ಲಿ ಬರೆದಿದ್ದು.

ಮೊದಲನೇದು: ರಸ್ತೆ ಯಾರದ್ದು ಅಂತ ತಿಳ್ಕೊಳ್ಳಿ

ಅರ್ಧ ಅರ್ಜಿಗಳು ಇಲ್ಲೇ ಸಾಯ್ತವೆ. ಪಿಡಬ್ಲ್ಯುಡಿ, ಅಂದ್ರೆ ಲೋಕೋಪಯೋಗಿ ಇಲಾಖೆ, ಅದರ ರಸ್ತೆಗೆ ಪಂಚಾಯ್ತಿಲಿ ಅರ್ಜಿ ಕೊಡ್ತೀವಿ, ಪಂಚಾಯ್ತಿ ರಸ್ತೆಗೆ ಪಿಡಬ್ಲ್ಯುಡಿ ಬೈತೀವಿ, ಅವರು ಇವರ ಕಡೆ ಕೈ ತೋರಿಸ್ತಾರೆ.

ಸ್ಥೂಲವಾಗಿ ಲೆಕ್ಕ ಹೀಗಿದೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ರಾಜ್ಯ ಹೆದ್ದಾರಿ ಮತ್ತೆ ಜಿಲ್ಲಾ ಮುಖ್ಯ ರಸ್ತೆ, ಅಂದ್ರೆ ಎಂಡಿಆರ್, ಲೋಕೋಪಯೋಗಿ ಇಲಾಖೆದು. ಅದರ ಕೆಳಗಿನ ಗ್ರಾಮೀಣ ರಸ್ತೆಗಳು ಜಿಲ್ಲಾ ಪಂಚಾಯ್ತಿ ಕಡೆ ಬರ್ತವೆ, ಕೆಲಸ ಮಾಡಿಸೋದು ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ. ಊರೊಳಗಿನ ಬೀದಿ ಗ್ರಾಮ ಪಂಚಾಯ್ತಿದು. ಪಟ್ಟಣ ಆದ್ರೆ ಪಟ್ಟಣ ಪಂಚಾಯ್ತಿ, ಪುರಸಭೆ, ನಗರಸಭೆ. ಬೆಂಗಳೂರಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆ ಆಗಿವೆ, ಅಲ್ಲಿರೋರು ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಬಂತು ಅಂತ ಮೊದ್ಲು ನೋಡ್ಕೊಳ್ಳಿ. ಇವೆಲ್ಲದರ ಮಧ್ಯ ಪಿಎಂಜಿಎಸ್‌ವೈ ರಸ್ತೆಗಳು ಬರ್ತವೆ, ಅಂದ್ರೆ 2000ದ ಡಿಸೆಂಬರ್ 25ಕ್ಕೆ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ರಸ್ತೆಗಳು. ಅವುಗಳ ಬದಿಯಲ್ಲಿ ಬೋರ್ಡ್ ಇರತ್ತೆ, ಕಂಟ್ರಾಕ್ಟರ್ ಹೆಸರು, ಮೊತ್ತ, ಮುಗಿದ ದಿನಾಂಕ, ಐದು ವರ್ಷದ ನಿರ್ವಹಣೆಗೆ ಇಟ್ಟಿರೋ ದುಡ್ಡು ಎಲ್ಲಾ ಅದರಲ್ಲೇ ಇರತ್ತೆ. ಆ ಬೋರ್ಡಿನ ಫೋಟೋ ಇವತ್ತೇ ತೆಗೆದಿಟ್ಕೊಳ್ಳಿ, ಬಣ್ಣ ಉದುರಿ ಹೋದ ಮೇಲೆ ಹುಡುಕೋದು ಕಷ್ಟ.

ಗೊತ್ತಾಗ್ಲಿಲ್ಲ ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದ್ರೆ ಪಿಡಿಒ ಹತ್ರ ಪಂಚಾಯ್ತಿ ಆಸ್ತಿ ರಿಜಿಸ್ಟರ್‌ನಲ್ಲಿ ಆ ರಸ್ತೆ ಇದೆಯಾ ಕೇಳಿ. ಇಲ್ಲ ಅಂದ್ರೆ ತಾಲೂಕಿನ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೆ ಹೋಗಿ. "ಸರ್, ಈ ರಸ್ತೆ ನಿಮ್ಮ ಪಟ್ಟಿಲಿ ಇದ್ಯಾ" ಅಂತ ನೇರವಾಗಿ ಕೇಳಿದ್ರೆ ಸಾಮಾನ್ಯವಾಗಿ ಹೇಳ್ತಾರೆ.

ದುಡ್ಡು ಎಲ್ಲಿಂದ ಬರತ್ತೆ

ಊರೊಳಗಿನ ಸಣ್ಣ ಕೆಲಸಕ್ಕೆ ಪಂಚಾಯ್ತಿ ಸ್ವಂತ ತೆರಿಗೆ, ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಅಂತ ಕೇಳಿರ್ತೀರ, ಅದರಲ್ಲಿ ಶೇಕಡಾ 60 ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ರು, ಉಳಿದ 40ರಲ್ಲಿ ರಸ್ತೆ, ಚರಂಡಿ, ಬೀದಿ ದೀಪ ಎಲ್ಲಾ ಹೊಂದಿಸ್ಬೇಕಿತ್ತು. ಇದು ಗೊತ್ತಿಲ್ದೆ ಜನ "ಪಂಚಾಯ್ತಿಗೆ ಇಷ್ಟು ಲಕ್ಷ ಬಂತು, ರಸ್ತೆ ಯಾಕೆ ಆಗ್ಲಿಲ್ಲ" ಅಂತ ಮೆಂಬರ್ ಮೇಲೆ ಏರಿ ಹೋಗ್ತಾರೆ. ಇದಲ್ದೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಸಂಸದರ ನಿಧಿ ಇವೆ, ಅವರು ಪತ್ರ ಕೊಡ್ತಾರೆ, ಮಂಜೂರು ಮಾಡೋದು ಡಿಸಿ ಆಫೀಸು. ಮಲೆನಾಡಿನೋರಿಗೆ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಕಲಬುರಗಿ ಕಡೆಯೋರಿಗೆ ಕಲ್ಯಾಣ ಕರ್ನಾಟಕ ಮಂಡಳಿ.

ನಿಮ್ಮ ಬೇಡಿಕೆ ಕಾಗದದ ಮೇಲೆ ಬರೋ ಜಾಗ ವಾರ್ಡ್ ಸಭೆ, ಗ್ರಾಮ ಸಭೆ. ಸಭೆಗೆ ಹೋಗಿ ಬಾಯಲ್ಲಿ ಹೇಳಿ ಬಂದ್ರೆ ಪ್ರಯೋಜನ ಇಲ್ಲ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಸೋವಾಗ "ನಮ್ಮ ಕೇರಿ ರಸ್ತೆ ಮಾಡಿಕೊಡಿ" ಅಂತ ಬರೆಸ್ಬೇಡಿ. "ಅರಳಿಕಟ್ಟೆಯಿಂದ ಹಾಲಿನ ಡೈರಿ ತನಕ, ಅಂದಾಜು 180 ಮೀಟರ್, ಎಡಗಡೆ ಚರಂಡಿ ಸಮೇತ" ಅಂತ ಎಲ್ಲಿಂದ ಎಲ್ಲಿಗೆ ಅನ್ನೋದನ್ನ ಬರೆಸಿ. ನಾಳೆ ಫೈಲಲ್ಲಿ ಬೇರೆ ಕಡೆ ರಸ್ತೆ ಆದ್ರೆ ಹಿಡಿಯೋಕೆ ಇದೇ ಆಧಾರ.

ಎಸ್ಟಿಮೇಟ್: ಇಲ್ಲಿ ತಪ್ಪಿದ್ರೆ ಆಮೇಲೆ ಸರಿ ಮಾಡೋಕಾಗಲ್ಲ

ಕೆಲಸ ಒಪ್ಪಿಗೆ ಆದ್ಮೇಲೆ ಜೆಇ, ಅಂದ್ರೆ ಜೂನಿಯರ್ ಇಂಜಿನಿಯರ್, ಬಂದು ಅಳತೆ ಮಾಡ್ತಾರೆ. ಪಿಡಬ್ಲ್ಯುಡಿ ದರಪಟ್ಟಿ ಇದೆ, ಎಸ್‌ಆರ್ ರೇಟ್ ಅಂತಾರಲ್ಲ ಅದು, ಅದರ ಪ್ರಕಾರ ಒಂದೊಂದು ಐಟಂಗೂ ರೇಟ್ ಹಾಕಿ, ಕ್ವಾರಿ ಇಂದ ಕೆಲಸದ ಜಾಗಕ್ಕೆ ಇರೋ ದೂರ, ಅಂದ್ರೆ ಲೀಡ್, ಸೇರಿಸಿ ಅಂದಾಜು ಪಟ್ಟಿ ಮಾಡ್ತಾರೆ. ಅದಕ್ಕೆ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ ಅಂತ ಎರಡು ಒಪ್ಪಿಗೆ ಬೇಕು. ದುಡ್ಡಿದೆ, ಈ ಕೆಲಸ ಮಾಡಬಹುದು ಅನ್ನೋದು ಮೊದಲನೇದು, ಲೆಕ್ಕ ಸರಿಯಾಗಿದೆ, ಹೀಗೆ ಕಟ್ಟಿದ್ರೆ ನಿಲ್ಲತ್ತೆ ಅನ್ನೋದು ಎರಡನೇದು.

ಜೆಇ ಅಳತೆಗೆ ಬಂದ ದಿನ ಊರೋರು ಜೊತೇಲಿ ಇರ್ಬೇಕು, ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ದಿನ ಇನ್ನೊಂದಿಲ್ಲ. ನಮ್ಮಲ್ಲಿ ಒಂದ್ಸಲ ಅಳತೆ ಮಾಡೋವಾಗ ಕೊನೇ ಮನೆ ಅಜ್ಜಿ ಜಗಲಿ ಮೇಲೆ ಕೂತು ನೋಡ್ತಿದ್ದೋರು ಕರೆದು "ಮಗಾ, ರೋಡ್ ಮಾಡ್ತೀರ ಸರಿ, ಮೇಲ್ಗಡೆ ತೋಟದ ನೀರು ಎತ್ಲಾಗೆ ಹೋಗತ್ತೆ ಹೇಳು, ಈಗ ಮಣ್ಣು ಕುಡೀತದೆ, ಸಿಮೆಂಟ್ ಆದ್ರೆ ನನ್ ಅಂಗಳಕ್ಕೇ ಬರತ್ತಲ್ಲೋ" ಅಂದ್ರು. ಜೆಇ ನಿಂತು ನೋಡಿದ್ರು, ಹೌದು, ಅಲ್ಲೊಂದು ಅಡ್ಡ ಮೋರಿ, ಅಂದ್ರೆ ರಸ್ತೆ ಕೆಳಗೆ ನೀರು ದಾಟೋ ದಾರಿ, ಬೇಕಿತ್ತು, ಎಸ್ಟಿಮೇಟಲ್ಲಿ ಇರ್ಲಿಲ್ಲ. ಸೇರಿಸಿದ್ರು. ಅಜ್ಜಿ ಆವತ್ತು ಬಾಯಿ ಬಿಡದೇ ಇದ್ದಿದ್ರೆ ರಸ್ತೆ ಆಗಿ ಮೊದಲ ಆಷಾಢದಲ್ಲೇ ಅವರ ಮನೆಗೆ ನೀರು ನುಗ್ಗೋದು, ಆಮೇಲೆ ಮೋರಿ ಹಾಕೋಕೆ ಹೊಸ ಕಾಂಕ್ರೀಟ್ ಒಡೀಬೇಕಿತ್ತು.

ಎಸ್ಟಿಮೇಟ್ ಕಾಪಿ ಸಿಕ್ಕಾಗ ಇಷ್ಟು ನೋಡಿ: ಉದ್ದ, ಅಗಲ, ದಪ್ಪ ಎಷ್ಟು. ಚರಂಡಿ ಇದೆಯಾ. ಮೋರಿ ಎಲ್ಲಿ. ಡಾಂಬರು ರಸ್ತೆ ಆದ್ರೆ ಡಾಂಬರಿನ ಕೆಳಗೆ ಏನೇನು ಪದರ ಬರತ್ತೆ, ಗ್ರಾವೆಲ್, ಜಿಎಸ್‌ಬಿ ಅನ್ನೋ ತಳದ ಜೆಲ್ಲಿ ಪದರ, ಅದರ ಮೇಲೆ ನೀರು ಹಾಕಿ ಕಲಸಿದ ಜೆಲ್ಲಿಯ ವೆಟ್ ಮಿಕ್ಸ್, ಎಷ್ಟೆಷ್ಟು ದಪ್ಪ. ಮೇಲಿನ ಕಪ್ಪು ಪದರ ನೋಡಿ ಜನ ಖುಷಿ ಪಡ್ತಾರೆ, ಆದ್ರೆ ಲಾರಿ ಭಾರ ಹೊರೋದು ಕೆಳಗಿನ ಜೆಲ್ಲಿ ಪದರ, ಅದು ಸರಿ ಇಲ್ಲಾಂದ್ರೆ ಮೇಲೆ ಎಷ್ಟು ಡಾಂಬರು ಸುರಿದ್ರೂ ನೀರಲ್ಲಿ ಹೋಮ ಮಾಡಿದ ಹಾಗೆ.

ಟೆಂಡರ್

ಕರ್ನಾಟಕದಲ್ಲಿ ಸರ್ಕಾರಿ ಖರೀದಿ, ಕಾಮಗಾರಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಎಲ್ಲರೂ ಕೆಟಿಪಿಪಿ ಅಂತಾರೆ. ಸಣ್ಣ ಮೊತ್ತ ಬಿಟ್ರೆ ಉಳಿದಿದ್ದೆಲ್ಲ ಟೆಂಡರ್ ಮೂಲಕವೇ ಹೋಗ್ಬೇಕು, ಈಗ ಕೆಪಿಪಿಪಿ ಅನ್ನೋ ಪೋರ್ಟಲ್‌ನಲ್ಲಿ ಆಗತ್ತೆ. ಟೆಂಡರ್ ಹುಡುಕೋಕೆ ಲಾಗಿನ್ ಬೇಕಿಲ್ಲ, ಇಲಾಖೆ ಹೆಸರು, ಊರಿನ ಹೆಸರು ಹಾಕಿ ನೋಡಬಹುದು.

ನಡೆಯೋದು ಹೀಗೆ: ಇಲಾಖೆ ಟೆಂಡರ್ ಪ್ರಕಟಣೆ ಹಾಕತ್ತೆ, ಕಂಟ್ರಾಕ್ಟರ್‌ಗಳು ಇಎಂಡಿ, ಅಂದ್ರೆ ಟೆಂಡರ್ ಹಾಕೋಕೆ ಇಡೋ ಮುಂಗಡ ಠೇವಣಿ, ಕಟ್ಟಿ ರೇಟ್ ಹಾಕ್ತಾರೆ. ದೊಡ್ಡ ಕೆಲಸ ಆದ್ರೆ ಎರಡು ಲಕೋಟೆ, ಮೊದಲು ತಾಂತ್ರಿಕ ಲಕೋಟೆ ತೆಗೆದು ಇವರಿಗೆ ಅನುಭವ, ಯಂತ್ರ, ವಹಿವಾಟು ಇದೆಯಾ ನೋಡ್ತಾರೆ, ಪಾಸಾದವರ ರೇಟ್ ಲಕೋಟೆ ಮಾತ್ರ ತೆಗೀತಾರೆ. ಅರ್ಹರಲ್ಲಿ ಎಲ್ಲರಿಗಿಂತ ಕಮ್ಮಿ ಹಾಕಿದೋರು ಎಲ್1, ಕೆಲಸ ಅವರಿಗೆ. ಪರಿಶಿಷ್ಟ ಜಾತಿ, ಪಂಗಡದ ಕಂಟ್ರಾಕ್ಟರ್‌ಗಳಿಗೆ ಒಂದು ಮೊತ್ತದ ತನಕದ ಕಾಮಗಾರಿಗಳಲ್ಲಿ ಮೀಸಲಾತಿ ಇದೆ. ಆಮೇಲೆ ಭದ್ರತಾ ಠೇವಣಿ, ಕರಾರು ಪತ್ರ, ಕಾರ್ಯಾದೇಶ. ವರ್ಕ್ ಆರ್ಡರ್ ಅಂತ ಕೇಳಿದ್ರೆ ಕಾರ್ಯಾದೇಶನೇ ಕೊಡ್ತಾರೆ, ಅದರಲ್ಲಿ ಕೆಲಸ ಮುಗಿಸ್ಬೇಕಾದ ದಿನ ಬರೆದಿರತ್ತೆ.

ಎರಡು ವಿಷಯ ಇಲ್ಲಿ ಗಮನ ಇಡಿ. ಒಂದು, ತುಂಡು ಗುತ್ತಿಗೆ. ಒಂದೇ ರಸ್ತೆಯನ್ನ "ರಾಮಮಂದಿರದಿಂದ ಬಾವಿ ತನಕ", "ಬಾವಿಯಿಂದ ಶಾಲೆ ತನಕ", "ಶಾಲೆಯಿಂದ ಕೆರೆ ಏರಿ ತನಕ" ಅಂತ ಮೂರು ಚೂರು ಮಾಡಿದ್ರೆ ಒಂದೊಂದೂ ಟೆಂಡರ್ ಮಿತಿಯ ಕೆಳಗೆ ಬರತ್ತೆ, ಪೈಪೋಟಿನೇ ಇರಲ್ಲ. ಟೆಂಡರ್ ತಪ್ಪಿಸೋಕೆ ಹೀಗೆ ಚೂರು ಮಾಡೋ ಹಾಗಿಲ್ಲ. ಎರಡು, ಕಾಯ್ದೆಯ 4(ಜಿ) ವಿನಾಯಿತಿ. ಸರ್ಕಾರ ಆದೇಶ ಮಾಡಿ ಕೆಲವು ಕೆಲಸಗಳನ್ನ ಟೆಂಡರ್ ಇಲ್ದೇನೇ ಒಂದು ಸಂಸ್ಥೆಗೆ ಕೊಡಬಹುದು. ಕೆಆರ್‌ಐಡಿಎಲ್, ಅಂದ್ರೆ ಹಳಬರು ಇವತ್ತಿಗೂ ಲ್ಯಾಂಡ್ ಆರ್ಮಿ, ಭೂಸೇನೆ ಅಂತಾರಲ್ಲ ಅದು, ಮತ್ತೆ ನಿರ್ಮಿತಿ ಕೇಂದ್ರ, ಇವುಗಳಿಗೆ ಟೆಂಡರ್ ಇಲ್ದೆ ನೇರವಾಗಿ ಕೆಲಸ ಬರೋದುಂಟು. ಕೆಲಸ ಬೇಗ ಶುರುವಾಗತ್ತೆ ನಿಜ, ಆದ್ರೆ ಸ್ಥಳದಲ್ಲಿ ಕೆಲಸ ಮಾಡ್ತಿರೋದು ಯಾರು, ಯಾರ ಜವಾಬ್ದಾರಿ ಅಂತ ಊರೋರಿಗೆ ತಿಳಿಯೋದೇ ಇಲ್ಲ. ಹಾಗಾಗಿ ಇಂಥ ಕೆಲಸ ಬಂದ್ರೆ ಮೊದಲ ದಿನವೇ ಉಸ್ತುವಾರಿ ಇಂಜಿನಿಯರ್ ಯಾರು ಅಂತ ಬರಹದಲ್ಲಿ ಕೇಳಿ ತಗೊಳ್ಳಿ.

ಇನ್ನೊಂದು ಮಾತು, ಎಸ್ಟಿಮೇಟ್‌ಗಿಂತ ತುಂಬಾ ಕೆಳಗೆ ರೇಟ್ ಹಾಕಿ ಕೆಲಸ ಹಿಡಿದಿದ್ರೆ ಊರಿಗೆ ಲಾಭ ಆಯ್ತು ಅನ್ಕೋಬೇಡಿ. ಜೆಲ್ಲಿ, ಸಿಮೆಂಟ್, ಡೀಸೆಲ್ ಅವನಿಗೂ ಅದೇ ರೇಟಿಗೆ ಸಿಗೋದು, ಹಾಗಾದ್ರೆ ಉಳಿಸೋದು ಎಲ್ಲಿ? ದಪ್ಪದಲ್ಲಿ. ಅಂಥ ಕೆಲಸಕ್ಕೆ ಇಲಾಖೆ ಹೆಚ್ಚುವರಿ ಠೇವಣಿ ಕೇಳೋದೂ ಇದೇ ಭಯಕ್ಕೆ.

ಕೆಲಸ ನಡೆಯೋವಾಗ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದ್ರೆ ಮುಚ್ಚಿ ಹೋದ ಮೇಲೆ ಏನೂ ಕಾಣಲ್ಲ.

ಸಿಸಿ ರಸ್ತೆ, ಅಂದ್ರೆ ಕಾಂಕ್ರೀಟ್ ರಸ್ತೆ ಲೆಕ್ಕ ಮಾಡೋದು ಸುಲಭ. ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಅಂದ್ರೆ 100 × 3 × 0.15, ಒಟ್ಟು 45 ಘನ ಮೀಟರ್ ಕಾಂಕ್ರೀಟ್ ಬೇಕು. 6 ಘನ ಮೀಟರ್ ಹಿಡಿಯೋ ಮಿಕ್ಸರ್ ಲಾರಿಲಿ ತಂದ್ರೆ ಏಳೂವರೆ ಲೋಡ್. ಐದೇ ಲೋಡಿಗೆ ಕೆಲಸ ಮುಗೀತು ಅಂದ್ರೆ 30 ಘನ ಮೀಟರ್ ಬಿದ್ದಿದೆ ಅಂತ ಅರ್ಥ, ಅಂದ್ರೆ ದಪ್ಪ 10 ಸೆಂಟಿಮೀಟರ್, ಮೂರರಲ್ಲಿ ಒಂದು ಪಾಲು ಮಾಯ. ನಾನು ನಮ್ಮ ಬೀದಿ ಕೆಲಸದಲ್ಲಿ ಬೇರೇನೂ ಮಾಡ್ಲಿಲ್ಲ, ಡೈರಿ ಪಕ್ಕದ ಅಂಗಡಿ ಕಟ್ಟೆ ಮೇಲೆ ಕೂತು ಲಾರಿ ಬಂದ ಹಾಗೆ ಹಳೇ ಕ್ಯಾಲೆಂಡರ್ ಹಿಂದೆ ಗೀಟು ಹಾಕ್ತಾ ಹೋದೆ, ಟೈಮ್ ಸಮೇತ. ಮೇಸ್ತ್ರಿ ಒಂದೆರಡು ಸಲ ಬಂದು "ಅಣ್ಣ, ಏನ್ ಬರೀತಿದೀರ" ಅಂದ. "ಲೋಡ್ ಲೆಕ್ಕ ಅಷ್ಟೇ ಕಣಪ್ಪ" ಅಂದೆ. ಸಂಜೆ ತನಕ ಯಾರೂ ದಪ್ಪ ಕಮ್ಮಿ ಮಾಡೋ ಧೈರ್ಯ ಮಾಡ್ಲಿಲ್ಲ.

ಇನ್ನೊಂದು ಕಡೆ ನೋಡ್ಬೇಕು, ಬದಿಗೆ ಕಟ್ಟೋ ಸೆಂಟ್ರಿಂಗ್ ಪಟ್ಟಿ 15 ಸೆಂಟಿಮೀಟರ್ ಎತ್ತರ ಇದ್ರೂ ನಡುಮಧ್ಯ ಮಣ್ಣು ಉಬ್ಬಿರತ್ತೆ, ಬದಿಲಿ ನೋಡಿದ್ರೆ ಆರು ಇಂಚು, ಮಧ್ಯದಲ್ಲಿ ಮೂರೇ. ಕಾಂಕ್ರೀಟ್ ಹಾಕೋಕೆ ಮುಂಚೆ ಎರಡೂ ಪಟ್ಟಿಗೆ ಅಡ್ಡಲಾಗಿ ಬಿಗಿಯಾಗಿ ದಾರ ಎಳೆದು, ದಾರದಿಂದ ನೆಲಕ್ಕೆ ಟೇಪ್ ಬಿಟ್ಟು ಅಳೀರಿ, ನಿಂತಲ್ಲೇ ಗೊತ್ತಾಗತ್ತೆ.

ಕಾಂಕ್ರೀಟ್‌ಗೆ ಸೈಟಲ್ಲಿ ಪೈಪಿಂದ ನೀರು ಬಿಡೋದು ಕಂಡ್ರೆ ತಡೀರಿ. ಹರಡೋಕೆ ಸುಲಭ ಆಗ್ಲಿ ಅಂತ ಬಿಡ್ತಾರೆ, ಗಟ್ಟಿತನ ಅಲ್ಲಿಗೇ ಹೋಯ್ತು. ವೈಬ್ರೇಟರ್ ಓಡ್ತಿದೆಯಾ ನೋಡಿ. 15 ಸೆಂಟಿಮೀಟರ್ ಅಚ್ಚಲ್ಲಿ ಕ್ಯೂಬ್ ತುಂಬಿಸ್ತಾರೆ, 7 ದಿನಕ್ಕೆ, 28 ದಿನಕ್ಕೆ ಒಡೆದು ಪರೀಕ್ಷೆ ಮಾಡೋಕೆ. ಆ ಕ್ಯೂಬ್‌ಗಳು ನಿಮ್ಮ ರಸ್ತೆ ಮೇಲೆ ಬಿದ್ದ ಕಾಂಕ್ರೀಟಿಂದಲೇ ತುಂಬಿದ್ವಾ ಅಂತ ಕಣ್ಣಲ್ಲಿ ನೋಡಿ, ಫೋಟೋ ತಗೊಳ್ಳಿ. ಸುಮಾರು ನಾಲ್ಕು ಮೀಟರಿಗೊಂದು ಅಡ್ಡ ಗೀಟು ಕೊಯ್ಬೇಕು, ಅದೂ ಮಾರನೇ ದಿನದೊಳಗೆ, ಇಲ್ದಿದ್ರೆ ಕಾಂಕ್ರೀಟ್ ತಾನಾಗೇ ಎಲ್ಲಿ ಬೇಕೋ ಅಲ್ಲಿ ಬಿರುಕು ಬಿಡತ್ತೆ. ಆಮೇಲೆ ಎರಡು ವಾರ ನೀರು. ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸೋದು ಒಳ್ಳೇದು, ಒದ್ದೆ ಗೋಣಿ ಚೀಲ, ಭತ್ತದ ಹುಲ್ಲು ಹಾಸಿದ್ರೂ ಆಯ್ತು. ಕಂಟ್ರಾಕ್ಟರ್ ಆಳು ಮೂರನೇ ದಿನಕ್ಕೆ ಮಾಯ ಆಗ್ತಾನೆ. ಅವನ ಕೆಲಸ ಅವನೇ ಮಾಡ್ಬೇಕು ಅಂತ ಫೋನ್ ಮಾಡಿ ಜಗಳ ಮಾಡಿ, ಆದ್ರೆ ಅಷ್ಟರ ತನಕ ರಸ್ತೆ ಒಣಗೋಕೆ ಬಿಡ್ಬೇಡಿ, ನಿಮ್ಮ ಮನೆ ಮುಂದಿನ ಹತ್ತು ಅಡಿಗೆ ಎರಡು ಕೊಡ ನೀರು ಸುರೀರಿ.

ಡಾಂಬರಿಗೆ ಬಿಸಿಯೇ ಪ್ರಾಣ. ನಮ್ಮಲ್ಲಿ ಸಾಮಾನ್ಯವಾಗಿ ಬಳಸೋ ವಿಜಿ-30 ಡಾಂಬರಿನ ಮಿಶ್ರಣ ರಸ್ತೆಗೆ ಬೀಳೋವಾಗ ಕನಿಷ್ಠ 140 ಡಿಗ್ರಿ ಇರ್ಬೇಕು, ಅದು 90ಕ್ಕೆ ಇಳಿಯೋದ್ರೊಳಗೆ ರೋಲರ್ ಕೆಲಸ ಮುಗೀಬೇಕು. ಪ್ಲಾಂಟ್ ಐವತ್ತು ಕಿಲೋಮೀಟರ್ ದೂರ, ಲಾರಿ ಮೇಲೆ ಟಾರ್ಪಲ್ ಇಲ್ಲ, ಮಧ್ಯದಲ್ಲಿ ಟ್ರಾಫಿಕ್ ಅಂದ್ರೆ ಬರೋಷ್ಟರಲ್ಲಿ ಆರಿರತ್ತೆ. ಬಿಸಿ ಮಿಶ್ರಣ ಹೊಳೀತಾ ನುಣ್ಣಗೆ ಹರಡತ್ತೆ, ಆರಿದ್ದು ಉಂಡೆ ಉಂಡೆಯಾಗಿ ಬೀಳತ್ತೆ, ಬಣ್ಣ ಮಂಕು. ಸೈಟಲ್ಲಿ ಥರ್ಮಾಮೀಟರ್ ಇರ್ಲೇಬೇಕು, "ಸರ್ ಒಂದ್ಸಲ ಟೆಂಪರೇಚರ್ ತೋರಿಸಿ" ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ಹಾಕೋಕೆ ಮುಂಚೆ ಧೂಳು ಗುಡಿಸಿ ಟ್ಯಾಕ್ ಕೋಟ್, ಅಂದ್ರೆ ಅಂಟಿಕೊಳ್ಳೋಕೆ ತೆಳು ಡಾಂಬರು, ಸಿಂಪಡಿಸಿದ್ರಾ ನೋಡಿ, ಧೂಳಿನ ಮೇಲೆ ಹಾಕಿದ್ರೆ ಅದು ಹಪ್ಪಳದ ಹಾಗೆ ಎದ್ದು ಬರತ್ತೆ. ಹಳ್ಳಿ ರಸ್ತೆಗಳಿಗೆ ಹಾಕೋ ಡಾಂಬರು-ಜೆಲ್ಲಿ ಮಿಶ್ರಣದ ಪದರ, ಅಂದ್ರೆ 20 ಮಿಲಿಮೀಟರ್ ಓಪನ್ ಗ್ರೇಡೆಡ್ ಪ್ರೀಮಿಕ್ಸ್‌ನಲ್ಲಿ 10 ಚದರ ಮೀಟರಿಗೆ 14.6 ಕೆಜಿ ಡಾಂಬರು ಲೆಕ್ಕ, ಮೇಲೆ ಸಂದಿ ಮುಚ್ಚೋ ಸೀಲ್ ಕೋಟ್ ಬೇರೆ. ಸೀಲ್ ಕೋಟ್ ಬಿಟ್ಟು ಹೋದ ರಸ್ತೆ ಜರಡಿ ಇದ್ದ ಹಾಗೆ, ನೀರು ಒಳಗೆ ಇಳಿದು ಒಂದೇ ಮಳೆಗಾಲಕ್ಕೆ ಜೆಲ್ಲಿ ಕಿತ್ತು ಬರತ್ತೆ. ಮಳೆ ಬರ್ತಿರೋವಾಗ ಡಾಂಬರು ಹಾಕ್ತಿದ್ರೆ ವಿಡಿಯೋ ಮಾಡಿ ಎಇಇಗೆ, ಅಂದ್ರೆ ಜೆಇ ಮೇಲಿನ ಸಹಾಯಕ ಕಾರ್ಯಪಾಲಕ ಇಂಜಿನಿಯರ್‌ಗೆ, ಆಗಲೇ ಕಳಿಸಿ.

ಎಂಬಿ ಪುಸ್ತಕ: ದುಡ್ಡು ಹೊರಗೆ ಹೋಗೋ ಬಾಗಿಲು

ಮೆಷರ್‌ಮೆಂಟ್ ಬುಕ್, ಅಳತೆ ಪುಸ್ತಕ. ಜೆಇ ಸ್ಥಳದಲ್ಲಿ ಅಳೆದು ಇದರಲ್ಲಿ ಬರೀತಾರೆ, ಎಇಇ ಮರು ಅಳತೆ ಮಾಡಿ ಸಹಿ ಹಾಕ್ತಾರೆ, ಆಮೇಲೆ ಬಿಲ್. ಪುಟಕ್ಕೆ ನಂಬರ್ ಇರತ್ತೆ, ಹಾಳೆ ಹರಿಯೋ ಹಾಗಿಲ್ಲ. ಒಂದೊಂದು ಸಾಲಲ್ಲಿ ಐಟಂ, ಸಂಖ್ಯೆ, ಉದ್ದ, ಅಗಲ, ದಪ್ಪ, ಪ್ರಮಾಣ. ಓದೋಕೆ ಇಂಜಿನಿಯರ್ ಆಗ್ಬೇಕಿಲ್ಲ. ನಾನು ಮೊದಲ ಸಲ ನೋಡಿದ ಎಂಬಿಯಲ್ಲಿ ಚರಂಡಿ ಉದ್ದ 120 ಮೀಟರ್ ಅಂತ ಇತ್ತು. ಸ್ಥಳದಲ್ಲಿ ಟೇಪ್ ಹಿಡಿದು ಅಳೆದ್ರೆ 74. ಗಲಾಟೆ ಮಾಡ್ಲಿಲ್ಲ, ಇನ್ನಿಬ್ಬರನ್ನ ಕರ್ಕೊಂಡು ಹೋಗಿ ಮತ್ತೆ ಅಳೆದು, ಟೇಪ್ ಸಮೇತ ಫೋಟೋ ಹಿಡಿದು, ಜಂಟಿ ಅಳತೆ ಮಾಡಿ ಅಂತ ಬರಹದಲ್ಲಿ ಕೊಟ್ಟೆ. ಫೈನಲ್ ಬಿಲ್ ಇನ್ನೂ ಆಗಿರ್ಲಿಲ್ಲ ಅನ್ನೋದೇ ನಮ್ಮ ಪುಣ್ಯ, ಉಳಿದ 46 ಮೀಟರ್ ಚರಂಡಿ ಕಟ್ಟಿಸಿದ ಮೇಲೇ ಬಿಲ್ ಆಯ್ತು. ಅದಕ್ಕೇ ಹೇಳೋದು, ಕೆಲಸ ಮುಗಿದ ಎರಡು ವಾರದೊಳಗೆ ಎಂಬಿ ನೋಡಿ, ವರ್ಷ ಬಿಟ್ಟು ನೋಡಿದ್ರೆ ವಸೂಲಿ ಮಾಡ್ಸೋದು ಬಹಳ ದೂರದ ದಾರಿ.

ಡಿಎಲ್‌ಪಿ, ಅಂದ್ರೆ ದೋಷ ಹೊಣೆಗಾರಿಕೆ ಅವಧಿ

ನಾನು ಮೊದಲಲ್ಲಿ ಹೇಳಿದ ಹದಿನಾಲ್ಕು ತಿಂಗಳು ಇದೇ. ಕೆಲಸ ಮುಗಿದ ದಿನದಿಂದ ಇಷ್ಟು ವರ್ಷ ಏನೇ ದೋಷ ಬಂದ್ರೂ ಕಂಟ್ರಾಕ್ಟರ್ ತನ್ನ ಖರ್ಚಲ್ಲೇ ಸರಿ ಮಾಡ್ಬೇಕು ಅಂತ ಕರಾರಲ್ಲಿ ಇರತ್ತೆ. ಎಷ್ಟು ವರ್ಷ ಅನ್ನೋದು ಕೆಲಸದಿಂದ ಕೆಲಸಕ್ಕೆ ಬೇರೆ, ಟೆಂಡರ್ ದಾಖಲೇಲೇ ನೋಡ್ಬೇಕು. ಪಿಎಂಜಿಎಸ್‌ವೈ ರಸ್ತೆಗೆ ಐದು ವರ್ಷ, ಅದರಲ್ಲಿ ದೋಷ ಸರಿ ಮಾಡೋದು ಮಾತ್ರ ಅಲ್ಲ, ಗುಂಡಿ ಮುಚ್ಚೋದು, ಬದಿ ಗಿಡ ಸವರೋದು, ಚರಂಡಿ ಬಿಡಿಸೋದು ಎಲ್ಲಾ ಸೇರತ್ತೆ, ಅದಕ್ಕೆ ವರ್ಷ ವರ್ಷ ಬೇರೆ ದುಡ್ಡೂ ಇದೆ, ರಸ್ತೆ ಸ್ಥಿತಿ ನೋಡಿ ಇ-ಮಾರ್ಗ್ ಅನ್ನೋ ವ್ಯವಸ್ಥೆ ಮೂಲಕ ಪಾವತಿ ಆಗತ್ತೆ. ಈ ರಸ್ತೆಗಳಿಗೆ ದೂರು ಕೊಡೋಕೆ ಮೇರಿ ಸಡಕ್ ಆಪ್ ಇದೆ, ಫೋಟೋ ಜೊತೆ ಜಾಗನೂ ಹೋಗತ್ತೆ.

ಹಾಗಾಗಿ ಪತ್ರ ಬರೆಯೋವಾಗ "ರಸ್ತೆ ಹಾಳಾಗಿದೆ, ದಯವಿಟ್ಟು ದುರಸ್ತಿ ಮಾಡಿಸಿ" ಅಂತ ಬರೀಬೇಡಿ. "ಇಂಥ ದಿನಾಂಕದ ಕಾರ್ಯಾದೇಶದ ಕಾಮಗಾರಿ, ಇಂಥ ದಿನ ಮುಗಿದಿದೆ, ಡಿಎಲ್‌ಪಿ ಇಂಥ ದಿನದ ತನಕ ಇದೆ, ಇಂತಿಂಥ ಜಾಗದಲ್ಲಿ ದೋಷ ಇದೆ, ಗುತ್ತಿಗೆದಾರರಿಗೆ ನೋಟಿಸ್ ಕೊಟ್ಟು ಅವರ ಖರ್ಚಲ್ಲಿ ಸರಿಪಡಿಸಿ, ಅಲ್ಲಿ ತನಕ ಠೇವಣಿ ಬಿಡುಗಡೆ ಮಾಡಬೇಡಿ" ಅಂತ ಬರೀರಿ. ಕೊನೇ ವಾಕ್ಯನೇ ಕೆಲಸ ಮಾಡೋದು. ಇಂಥ ಪತ್ರ ಫೈಲಲ್ಲಿ ಕೂತಿದ್ರೆ ಠೇವಣಿ ಬಿಡೋ ಸಹಿ ಹಾಕೋಕೆ ಯಾವ ಅಧಿಕಾರಿಗೂ ಕೈ ಬರಲ್ಲ.

ಹೊಸ ರಸ್ತೆ ಅಗೆದು ನಲ್ಲಿ ಪೈಪ್ ಹಾಕಿ ಹೋಗಿದ್ರೆ, ಜಲ ಜೀವನ್ ಮಿಷನ್ ಬಂದಾಗ ಎಷ್ಟೋ ಊರಲ್ಲಿ ಹೀಗಾಯ್ತು, ಆಗ ರಸ್ತೆ ಕಂಟ್ರಾಕ್ಟರ್ ನನ್ನ ಹೊಣೆ ಅಲ್ಲ ಅಂತಾನೆ. ಅವನ ಮಾತೂ ನ್ಯಾಯವೇ. ಆಗ ಪೈಪ್ ಕೆಲಸದ ಎಸ್ಟಿಮೇಟ್ ತೆಗೆಸಿ, ಅದರಲ್ಲಿ ರಸ್ತೆ ಮರುಸ್ಥಾಪನೆ ಐಟಂ ಇದೆಯಾ ನೋಡಿ, ಇದ್ರೆ ಆ ಗುತ್ತಿಗೆದಾರನನ್ನ ಹಿಡೀರಿ.

ಗುಂಡಿ ಮುಚ್ಚೋ ರೀತಿ, ಮಳೆಗಾಲದ ತಯಾರಿ

ಗುಂಡಿಗೆ ಮಣ್ಣು, ಮನೆ ಒಡೆದ ಇಟ್ಟಿಗೆ ಚೂರು ತುಂಬಿದ್ರೆ ಅದು ರಿಪೇರಿ ಅಲ್ಲ. ಗುಂಡಿಯ ಅಂಚನ್ನ ಗಟ್ಟಿ ಡಾಂಬರು ಸಿಗೋ ತನಕ ಚೌಕಾಕಾರವಾಗಿ ನೇರ ಕತ್ತರಿಸಿ, ಒಳಗಿನ ಸಡಿಲ ಜೆಲ್ಲಿ, ನೀರು ತೆಗೆದು ಒಣಗಿಸಿ, ಗೋಡೆಗೆ ತಳಕ್ಕೆ ಡಾಂಬರು ಬಳಿದು, ಪದರ ಪದರವಾಗಿ ತುಂಬಿ ಕುಟ್ಟಬೇಕು, ಕೊನೇಲಿ ಕೂದಲೆಳೆಯಷ್ಟು ಎತ್ತರ ಇಟ್ರೆ ಗಾಡಿ ಓಡಿ ಸಮ ಆಗತ್ತೆ. ಗುಂಡಾಗಿರೋ ಗುಂಡಿಗೆ ಹಾಗೇ ಸುರಿದು ಹೋಗಿದ್ರೆ ವಾರದಲ್ಲಿ ಎದ್ದು ಬರತ್ತೆ.

ಏಪ್ರಿಲ್, ಮೇ ತಿಂಗಳಲ್ಲಿ ಒಂದು ಸುತ್ತು ನಡ್ಕೊಂಡು ಹೋಗಿ. ರಸ್ತೆ ಬದಿ ಮಣ್ಣು, ಹುಲ್ಲು ಬೆಳೆದು ಡಾಂಬರಿಗಿಂತ ಎತ್ತರ ಆಗಿದ್ರೆ ನೀರು ಚರಂಡಿಗೆ ಇಳಿಯೋಕೆ ಆಗದೆ ರಸ್ತೆ ಮೇಲೇ ನಿಲ್ಲತ್ತೆ. ಜೆಸಿಬಿಲಿ ಅರ್ಧ ದಿನದ ಕೆಲಸ, ಬಿಟ್ರೆ ಲಕ್ಷಗಟ್ಟಲೆ ರಸ್ತೆ ಹೋಗತ್ತೆ. ಪೈಪ್ ಮೋರಿ ಎರಡೂ ಕಡೆ ಬಗ್ಗಿ ನೋಡಿ, ಈ ಕಡೆಯಿಂದ ಆ ಕಡೆ ಬೆಳಕು ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಒಳಗೆ ಹೂಳು, ತೆಂಗಿನ ಗರಿ, ಪ್ಲಾಸ್ಟಿಕ್ ತುಂಬಿದೆ. ಮನೆಗೆ ಗಾಡಿ ಹೋಗ್ಲಿ ಅಂತ ಚರಂಡಿ ಮೇಲೆ ನಾವೇ ಕಲ್ಲು ಚಪ್ಪಡಿ ಹಾಕಿ ಸಿಮೆಂಟ್ ಮೆತ್ತಿರ್ತೀವಿ, ಅದೂ ತೆಗೀಬೇಕಾಗತ್ತೆ, ಇದರಲ್ಲಿ ಊರೋರ ಪಾಲೂ ಇದೆ.

ಸೇತುವೆ ವಿಷಯ ಬೇರೆ

ರಸ್ತೆ ಕೆಟ್ರೆ ಸೊಂಟ ನೋವು, ಸೇತುವೆ ಕೆಟ್ರೆ ಜೀವ. ಲೆಕ್ಕದಲ್ಲಿ 6 ಮೀಟರ್ ತನಕ ಮೋರಿ, 60 ಮೀಟರ್ ತನಕ ಕಿರು ಸೇತುವೆ, ಅದಕ್ಕಿಂತ ಉದ್ದ ಇದ್ರೆ ದೊಡ್ಡ ಸೇತುವೆ. ಮಲೆನಾಡು, ಕರಾವಳಿಯ ಕಾಲುಸಂಕಗಳು, ಅಂದ್ರೆ ಹಳ್ಳ ದಾಟೋಕೆ ಹಾಕಿದ ಕಿರಿದಾದ ಕಾಲುದಾರಿ, ಈ ಲೆಕ್ಕಕ್ಕೇ ಬರ್ತಿರ್ಲಿಲ್ಲ, ಅಡಿಕೆ ಮರ ಕಡಿದು ಹಾಕಿದ ಸಂಕದ ಮೇಲೆ ಮಕ್ಕಳು ಶಾಲೆಗೆ ಹೋಗೋದನ್ನ ನೋಡಿದೋರಿಗೆ ಆ ಭಯ ಗೊತ್ತು. ಅದಕ್ಕೇ ಸರ್ಕಾರ ಶಾಲಾ ಸಂಪರ್ಕ ಸೇತು ಅಂತ ಯೋಜನೆ ತಂತು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ ಶುರು ಮಾಡಿ, ನೂರಕ್ಕೂ ಹೆಚ್ಚು ಕಟ್ಟಿದ್ರು, 2017ರಲ್ಲಿ ಪದ್ಮಶ್ರೀ ಬಂತು. ಆದ್ರೆ ತೂಗುಸೇತುವೆ ಕಟ್ಟಿದ ಮೇಲೆ ಪ್ರತಿ ವರ್ಷ ನಟ್ಟು ಬೋಲ್ಟ್ ಬಿಗಿ ಮಾಡೋರು, ಹಗ್ಗಕ್ಕೆ ಗ್ರೀಸ್ ಹಚ್ಚೋರು ಬೇಕು, ಆ ಖರ್ಚನ್ನ ಪಂಚಾಯ್ತಿ ಬಜೆಟ್‌ನಲ್ಲಿ ಬರೆಸಿ.

ಗುಜರಾತಿನ ಮೋರ್ಬಿ ನೆನಪಿದೆಯಲ್ಲ, 2022ರ ಅಕ್ಟೋಬರ್ 30, ತೂಗುಸೇತುವೆ ಕಡಿದು 135 ಜನ ಹೋದ್ರು. ಅದು ಅಲ್ಲಿನ ನಗರಸಭೆ ಸೇತುವೆ, ನಿರ್ವಹಣೆನ ಖಾಸಗಿ ಕಂಪನಿಗೆ ಟೆಂಡರ್ ಇಲ್ದೆ ಕೊಟ್ಟಿದ್ರು, ರಿಪೇರಿ ಆಯ್ತು ಅಂತ ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ದೆನೇ ನಾಲ್ಕು ದಿನ ಮುಂಚೆ ತೆರೆದಿದ್ರು. ತನಿಖೆಲಿ ಒಂದು ಮುಖ್ಯ ಕೇಬಲ್ಲಿನ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದು ಗೊತ್ತಾಯ್ತು. ಬಣ್ಣ ಬಳಿದು, ಕೆಳಗಿನ ಹಲಗೆ ಬದಲಾಯಿಸಿ, ಭಾರ ಹೊರೋ ಕೇಬಲ್ ಹಾಗೇ ಬಿಟ್ಟಿದ್ರು. ನಮ್ಮಲ್ಲೂ 2018ರ ಜೂನ್‌ನಲ್ಲಿ ಫಲ್ಗುಣಿ ನದಿಯ ಮೂಲರಪಟ್ಣ ಸೇತುವೆ ಕುಸೀತು, ಮರಳು ತೆಗೆದಿದ್ದೇ ಕಾರಣ ಅಂತ ಊರೋರು ದೂರಿದ್ರು. 2024ರ ಆಗಸ್ಟ್ 7ರ ನಸುಕಿನ ಜಾವ ಕಾರವಾರದ ಹತ್ರ ಕಾಳಿ ನದಿ ಹಳೇ ಸೇತುವೆ ಬಿತ್ತು, ಲಾರಿ ನೀರಿಗೆ ಹೋಯ್ತು, ಚಾಲಕನನ್ನ ಜೀವಂತ ಎತ್ತಿದ್ರು.

ಊರೋರು ನೋಡಬಹುದಾದ್ದು ಇಷ್ಟಿದೆ. ನೀರು ಇಳಿದಾಗ, ಜನವರಿ ಫೆಬ್ರವರಿಲಿ, ಕೆಳಗೆ ಇಳಿದು ಕಂಬದ ಬುಡ ನೋಡಿ, ಮೊದಲು ಮುಚ್ಚಿದ್ದ ಅಡಿಪಾಯ ಈಗ ಕಾಣ್ತಿದ್ರೆ ತಳದ ಮಣ್ಣು, ಮರಳು ಕೊಚ್ಚಿ ಹೋಗ್ತಿದೆ ಅಂತ, ಇದು ಎಲ್ಲಕ್ಕಿಂತ ಅಪಾಯ. ಸ್ಲ್ಯಾಬ್ ಕೆಳಗೆ ಕಾಂಕ್ರೀಟ್ ಉದುರಿ ಕಬ್ಬಿಣ ಕಾಣ್ತಿದೆಯಾ. ಸಂದಿಯಲ್ಲಿ ಅರಳಿ ಗಿಡ ಹುಟ್ಟಿದೆಯಾ, ಬೇರು ಒಳಗೆ ಹೋಗಿ ಕಲ್ಲನ್ನೇ ಸೀಳತ್ತೆ, ಬರೀ ಸವರಿದ್ರೆ ಆಗಲ್ಲ, ಬೇರು ಸಮೇತ ತೆಗೆದು ಸಂದಿ ಮುಚ್ಚಬೇಕು. ಮೇಲಿನ ಮಳೆ ನೀರು ಹೊರಗೆ ಹೋಗೋ ಪೈಪ್ ಕಟ್ಕೊಂಡಿದೆಯಾ. ಗಾಡಿ ಹೋಗೋವಾಗ ಜಾಯಿಂಟ್ ಹತ್ರ ಮೊದಲಿಲ್ಲದ ಸದ್ದು ಬರ್ತಿದೆಯಾ. ಇವುಗಳಲ್ಲಿ ಒಂದು ಕಂಡ್ರೂ ಫೋಟೋ ಹಿಡಿದು, "ಸೇತುವೆ ಪರಿಶೀಲನೆ ಮಾಡಿ ವರದಿ ಕೊಡಿ" ಅಂತ ಇಇಗೆ, ಅಂದ್ರೆ ಕಾರ್ಯಪಾಲಕ ಇಂಜಿನಿಯರ್‌ಗೆ, ಬರೀರಿ, ಅದರ ಒಂದು ಕಾಪಿ ಡಿಸಿಗೂ ಹಾಕಿ. ಮಳೆಗಾಲದ ಮುಂಚೆ, ಆಮೇಲೆ ಸೇತುವೆ ಪರಿಶೀಲಿಸೋದು ಇಂಜಿನಿಯರ್‌ಗಳ ಮಾಮೂಲು ಕೆಲಸವೇ, ಕಳೆದ ಸಲದ ವರದಿ ಕೊಡಿ ಅಂತ ಕೇಳೋ ಹಕ್ಕು ನಿಮಗಿದೆ.

ಕೊಡ್ಲಿಲ್ಲ ಅಂದ್ರೆ: ಮಾಹಿತಿ ಹಕ್ಕು

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಅರ್ಜಿ 'ನಮೂನೆ ಎ'ಯಲ್ಲಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಒಳಗೆ, ಇದು ಮರೆತು ಎರಡು ಪುಟ ಕಥೆ ಬರೆದೋರ ಅರ್ಜಿ ವಾಪಸ್ ಬರತ್ತೆ. ನಾನು ಬರೆಯೋದು ಹೀಗೆ:

"ಇಂಥ ಗ್ರಾಮದ ಇಂಥಲ್ಲಿಂದ ಇಂಥಲ್ಲಿ ತನಕದ ರಸ್ತೆ ಕಾಮಗಾರಿಗೆ ಸಂಬಂಧಿಸಿ ಮಂಜೂರಾದ ಅಂದಾಜು ಪಟ್ಟಿ, ಕಾರ್ಯಾದೇಶ, ಕರಾರು ಪತ್ರ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಕಾಮಗಾರಿ ಮುಗಿದ ಪ್ರಮಾಣಪತ್ರ ಮತ್ತು ಠೇವಣಿ ಬಿಡುಗಡೆ ವಿವರದ ದೃಢೀಕೃತ ಪ್ರತಿಗಳನ್ನು ನೀಡಿ."

ಪಿಐಒ, ಅಂದ್ರೆ ಆ ಕಚೇರಿಯ ಮಾಹಿತಿ ಅಧಿಕಾರಿ, 30 ದಿನದೊಳಗೆ ಉತ್ತರ ಕೊಡ್ಬೇಕು, ಬರ್ಲಿಲ್ಲ ಅಂದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ, 2005ರ ಕಾಯ್ದೆಯ ಸೆಕ್ಷನ್ 2(ಜೆ)ನಲ್ಲಿ ಕಾಮಗಾರಿನ ಖುದ್ದು ಪರಿಶೀಲಿಸೋ ಹಕ್ಕಿದೆ, ಸಾಮಗ್ರಿಯ ದೃಢೀಕೃತ ಮಾದರಿ ತಗೊಳ್ಳೋ ಹಕ್ಕೂ ಇದೆ. ದಪ್ಪದ ಬಗ್ಗೆ ಅನುಮಾನ ಇದ್ರೆ ನೀವೇ ಗುದ್ದಲಿ ಹಿಡಿದು ಒಡೆಯೋಕೆ ಹೋಗ್ಬೇಡಿ, ಅದು ನಿಮ್ಮ ಮೇಲೇ ಕೇಸ್ ಆಗತ್ತೆ, ಅಧಿಕಾರಿ ಎದುರಲ್ಲಿ ಕೋರ್ ತೆಗೆಸಿ ಅಂತ ಕೇಳಿ. ಕೊಳವೆ ಥರದ ಯಂತ್ರದಲ್ಲಿ ಕೊರೆದು ದುಂಡಗಿನ ತುಂಡು ತೆಗೀತಾರೆ, ದಪ್ಪ ಎಷ್ಟು ಅಂತ ಅಲ್ಲೇ ಸ್ಕೇಲ್ ಇಟ್ಟು ನೋಡಬಹುದು.

ದೂರಿಗೆ 1902 ಜನಸ್ಪಂದನ ಸಹಾಯವಾಣಿ ಇದೆ, ನಂಬರ್ ಬರೆದಿಟ್ಕೊಳ್ಳಿ. ಮೊದಲು ಎಇಇ, ಆಮೇಲೆ ಇಇ, ಆಮೇಲೆ ಜಿಲ್ಲಾ ಪಂಚಾಯ್ತಿ ಸಿಇಒ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಪ್ರತಿ ಸಲ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ದುಡ್ಡು ಹೊಡೆದಿದ್ದಕ್ಕೆ ದಾಖಲೆ ಕೈಲಿದ್ರೆ ಮಾತ್ರ ಲೋಕಾಯುಕ್ತ, ಬರೀ ಅನುಮಾನದ ಮೇಲೆ ಹೋಗ್ಬೇಡಿ, ಅಲ್ಲಿ ಅಫಿಡವಿಟ್ ಕೊಡ್ಬೇಕಾಗತ್ತೆ.

ಜೆಇಗಳ ಜೊತೆ ಜಗಳ ಕಾಯ್ಕೊಂಡು ಕೂರ್ಬೇಡಿ. ಒಬ್ಬೊಬ್ಬರ ಕೈಲಿ ಹತ್ತಾರು ಊರಿನ ಕೆಲಸ ಇರತ್ತೆ, ಕಂಟ್ರಾಕ್ಟರ್ ಒತ್ತಡ, ಮೇಲಿನವರ ಒತ್ತಡ ಎರಡೂ ಅವರ ಮೇಲೇ. ಊರಲ್ಲಿ ಅಳತೆ ನೋಡೋರು ಇದಾರೆ ಅಂತ ಗೊತ್ತಾದ್ರೆ "ಊರೋರು ಬಿಡಲ್ಲ ಕಣ್ರೀ" ಅಂತ ಕಂಟ್ರಾಕ್ಟರ್‌ಗೆ ಹೇಳೋಕೆ ಅವರಿಗೂ ಒಂದು ಬಲ ಸಿಗತ್ತೆ, ಇದನ್ನ ಒಬ್ಬರು ನನ್ನ ಹತ್ರ ಬಾಯಿಬಿಟ್ಟೇ ಹೇಳಿದ್ರು.

ಇವತ್ತೇ ಶುರು ಮಾಡೋಕೆ ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಒಂದು ರಸ್ತೆಗೆ ಒಂದು ಪುಟ, ಒಂದು ಮೋರಿಗೆ ಒಂದು ಪುಟ. ಮೇಲ್ಗಡೆ ಯಾರ ರಸ್ತೆ, ಯಾವ ಯೋಜನೆ, ಕಂಟ್ರಾಕ್ಟರ್ ಯಾರು, ಮುಗಿದ ದಿನ, ಡಿಎಲ್‌ಪಿ ಮುಗಿಯೋ ದಿನ. ಆ ಕೊನೇ ದಿನಾಂಕಕ್ಕೆ ಮೂರು ತಿಂಗಳು ಮುಂಚೆ ಮೊಬೈಲಲ್ಲಿ ಅಲಾರಂ ಇಟ್ಟು, ಆವತ್ತು ಟೇಪ್ ಹಿಡ್ಕೊಂಡು ಆ ರಸ್ತೆ ಪೂರ್ತಿ ನಡೆದು, ಪ್ರತಿ ಗುಂಡಿ, ಪ್ರತಿ ಬಿರುಕು ಎಷ್ಟನೇ ಮೀಟರಲ್ಲಿದೆ ಅಂತ ಬರೆದು, ಮಾರನೇ ದಿನ ಎಇಇ ಆಫೀಸಿಗೆ ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ.